ಮೊಣಕೈ ಬಲ್ಲ ನೀರು

ಮೊಣಕೈ ಅಜ್ಜಿಯ ಮುತ್ತಜ್ಜಿಗೆ ಜನ ಇಟ್ಟ ಹೆಸರು ಕತ್ತರಿಯಮ್ಮ. ಹೊಳೆ ತುಂಬಿ ಬಂದು ದೋಣಿಯವನು ಕೈಚೆಲ್ಲಿ ಕೂತ ದಿನ, ಕತ್ತರಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ಎದೆಮಟ್ಟದ ನೀರಿನಲ್ಲಿ ನಡೆದು ಆಚೆ ದಡ ಸೇರಿದ ಸೂಲಗಿತ್ತಿ. ಅಲ್ಲಿ ಅವಳಿ ಮಕ್ಕಳ ಹೊಕ್ಕುಳಬಳ್ಳಿ ಕಟ್ಟಲು ನೂಲು ಸಾಲದೆ, ಉಟ್ಟ ಬಟ್ಟೆಯ ಅಂಚಿನಿಂದಲೇ ಎಳೆ ಕಿತ್ತಳಂತೆ. ಅವಳ ಮಗಳು ಉಸಿರಜ್ಜಿ. ನೀಲಿಗಟ್ಟಿ ಹುಟ್ಟಿದ ಒಂದು ಗಂಡುಕೂಸಿಗೆ ಬಾಯಿಗೆ ಬಾಯಿಟ್ಟು ಊದಿ ಊದಿ ಜೀವ ತಂದಳು. ಆ ಕೂಸೇ ಬೆಳೆದು, ಪಕ್ಕದ ಮನೆಯವನಾಗಿ, ಮೂವತ್ತು ವರ್ಷ ಅವಳೊಂದಿಗೆ ಬೇಲಿಯ ಜಗಳ ಆಡಿತು. "ನಾನು ಊದಿದ ಗಾಳೀನೇ ಈಗ ನನ್ನ ಮೇಲೆ ಬೀಸ್ತಿದೆ ನೋಡಿ" ಎಂದು ಉಸಿರಜ್ಜಿ ನಗುತ್ತಿದ್ದಳು. ಅವಳ ಮಗಳು, ಎಂದರೆ ನಮ್ಮ ಅಜ್ಜಿಯ ತಾಯಿ, ಹೆರಿಗೆ ಆಸ್ಪತ್ರೆಗೆ ಕಸ ಗುಡಿಸಲು ಸೇರಿದಳು. ಪೊರಕೆ ಹಿಡಿದೇ ನೋಡಿ ನೋಡಿ ಕಲಿತು, ಕೂಸುಗಳಿಗೆ ನೀರೆರೆಯುವವಳೇ ಆದಳು. ಸಾಯುವಾಗ ಮಗಳಿಗೆ ಒಡವೆ ಬಿಡಲಿಲ್ಲ, ಒಂದು ಮಾತು ಬಿಟ್ಟಳು: "ಬೆರಳು ಸುಳ್ಳು ಹೇಳತ್ತೆ. ಮೊಣಕೈ ಹೇಳಲ್ಲ."

ಈ ಮಾತಿನಿಂದಲೇ ಮಗಳಿಗೆ ಮೊಣಕೈ ಅಜ್ಜಿ ಎಂಬ ಹೆಸರು ಬಂತು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಜಡ್ಡುಗಟ್ಟಿದ ಬೆರಳಿಗೆ ಬಿಸಿ ಯಾವುದು, ಸುಡುವುದು ಯಾವುದು ತಿಳಿಯುವುದಿಲ್ಲ. ಮೊಣಕೈಯ ಚರ್ಮ ಮಾತ್ರ ಕೆಲಸ ಕಾಣದ ಚರ್ಮ. ಅದು ನಿಜ ನುಡಿಯುತ್ತದೆ. ಬೋಗುಣಿಗೆ ನೀರು ಬಿಟ್ಟು, ಬಲ ಮೊಣಕೈ ಅದ್ದಿ, ಮೂರು ಉಸಿರಿನಷ್ಟು ಹೊತ್ತು ಕಾದು, "ಹೂಂ" ಎಂದಮೇಲೆಯೇ ಕೂಸನ್ನು ತರಲು ಹೋಗುವುದು. ನಲವತ್ತೊಂದು ವರ್ಷ ಹೀಗೇ ನಡೆದಿತ್ತು. ಆಸ್ಪತ್ರೆಯವರು ನೀರಿನ ಶಾಖ ಅಳೆಯುವ ಗಾಜಿನ ಕಡ್ಡಿಯೊಂದನ್ನು ತಂದು ಮೊಳೆಗೆ ನೇತುಹಾಕಿದ್ದರು. ಅದರ ಮೇಲೆ ಅಜ್ಜಿ ಒದ್ದೆ ಟವೆಲು ಒಣಹಾಕುತ್ತಿದ್ದಳು.

ಎರೆಯುವ ಕೋಣೆ ಬಾಣಂತಿಯರ ವಾರ್ಡಿನ ಎದುರಿಗಿತ್ತು. ಒಂದು ಕಿಟಕಿ, ಎರಡು ನಲ್ಲಿ, ಒಂದು ಕಲ್ಲುಕಟ್ಟೆ. ಕಟ್ಟೆಯ ಮೇಲೆ ತಾಯಿಯ ಕಾಲದ ಬಿಳಿ ಬೋಗುಣಿ. ಅದರ ಒಳಮೈಯಲ್ಲಿ ಒಂದು ಕಡೆ ಬಣ್ಣ ಚಕ್ಕೆ ಎದ್ದು ಕಪ್ಪು ಕಲೆಯಾಗಿತ್ತು. ನೀರು ಆ ಕಲೆಯ ಕೆಳಗೇ ನಿಲ್ಲಬೇಕು. ಅದು ಅಜ್ಜಿಯ ಅಳತೆ.

ಬೆಳಗ್ಗೆ ಏಳಕ್ಕೆ ಶುರುವಾದರೆ ಒಂಬತ್ತು, ಹತ್ತು ಕೂಸು. ಬರಬರುತ್ತ ಅಜ್ಜಿಯ ಮಂಡಿ ಮೊದಲ ಕೂಸಿಗೇ ಕಿರುಗುಟ್ಟುತ್ತಿತ್ತು, ಸೊಂಟ ಐದನೆಯದಕ್ಕೆ. ಬಾಯಿ ಮಾತ್ರ ದಣಿಯುತ್ತಿರಲಿಲ್ಲ. ಹೊಸ ತಾಯಂದಿರಿಗೆ ಎಲ್ಲವೂ ಗಾಬರಿ.

"ಅಜ್ಜಿ, ತಲೆ ಸೋರೆಕಾಯಿ ಹಂಗಿದೆಯಲ್ಲಾ!"

"ಇಕ್ಕಟ್ಟು ದಾರೀಲಿ ಬಂದದ್ದಲ್ವೇನೇ? ಕಿಕ್ಕಿರಿದ ಬಸ್ಸಿಂದ ಇಳಿದಾಗ ನಿನ್ನ ಮುಖ ಹೆಂಗಿರತ್ತೆ ನೋಡ್ಕೋ. ವಾರ ತಡಿ, ಗುಂಡಗಾಗತ್ತೆ."

"ಬೆನ್ನ ಕೆಳಗೆ ನೀಲಿ ಆಗಿದೆ. ಯಾರೋ ಚಿವುಟಿದಾರೆ!"

"ಚಿವುಟಿದ್ದಲ್ಲ, ಹುಟ್ಟುಮಚ್ಚೆ. ಇವನು ಶಾಲೆಗೆ ಹೋಗೋ ಹೊತ್ತಿಗೆ ಹುಡುಕಿದರೂ ಸಿಗಲ್ಲ."

ಕೂಸಿನ ತಲೆ ಕೈಯಲ್ಲಿ ಒಂದಿಷ್ಟು ಸಡಿಲವಾದರೆ ಸಾಕು, ಅದು ಎರಡೂ ತೋಳನ್ನು ಫಕ್ಕನೆ ಅಗಲಿಸಿ, ಬೆರಳು ಬಿಡಿಸಿ, ಮತ್ತೆ ಎದೆಗೆ ಎಳೆದುಕೊಳ್ಳುತ್ತದೆ. ತಾಯಂದಿರು "ಹೆದರ್ಕೊಂಡ್ತು" ಎಂದು ಕೂಗಿದರೆ ಅಜ್ಜಿ ಹೇಳುವುದು, "ಹೆದರಿಲ್ಲ ಕಣೇ, ಹಾಜರಿ ಹಾಕ್ತಿದೆ. ಎರಡೂ ಕೈ ಒಂದೇ ಸಮ ಎತ್ತಿತಲ್ಲ, ನೆಮ್ಮದಿಯಾಗಿರು." ಒಮ್ಮೆ ಒಂದು ಕೂಸು ಒಂದೇ ಕೈ ಎತ್ತಿತ್ತು. ಅಜ್ಜಿ ಸ್ನಾನ ನಿಲ್ಲಿಸಿ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ನಿಂತಿದ್ದಳು. ಕುತ್ತಿಗೆಯ ಕೆಳಗಿನ ಎಳೆಮೂಳೆ ಬಿರುಕು ಬಿಟ್ಟಿತ್ತು. ಅಂದಿನಿಂದ ಡಾಕ್ಟರಮ್ಮ ಅಜ್ಜಿಯ ಮಾತನ್ನು ತಳ್ಳಿಹಾಕುತ್ತಿರಲಿಲ್ಲ.

ಅಜ್ಜಿಯೂ ಅವರ ಮಾತು ಕೇಳಿದ್ದಳು, ತಡವಾಗಿ. ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆ ಬಳಿದ ಹಾಗೆ ಬಿಳಿ ಜಿಡ್ಡು ಇರುತ್ತದಲ್ಲ, ಹಿಂದೆ ಅದನ್ನು ಹುಟ್ಟಿದ ಗಳಿಗೆಯಲ್ಲೇ ತಿಕ್ಕಿ ತೆಗೆಯುತ್ತಿದ್ದರು. ಆಮೇಲೆ ಡಾಕ್ಟರಮ್ಮ, "ಅದು ಕೂಸಿನ ಕೋಟು ಅಜ್ಜಿ. ಒಂದು ದಿನ ಮುಟ್ಟಬೇಡಿ. ಹೊಕ್ಕುಳಿಗೂ ಏನೂ ಹಚ್ಚಬೇಡಿ, ತಾನಾಗಿ ಒಣಗಿ ಉದುರಲಿ" ಎಂದರು. ಅಜ್ಜಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು. ಬಳಿಕ ಎರಡನೇ ದಿನ ಎರೆದ ಕೂಸುಗಳು ಬೆಚ್ಚಗಿರುವುದನ್ನು ತಾನೇ ಮುಟ್ಟಿ ನೋಡಿ ಸುಮ್ಮನಾದಳು. ಎಷ್ಟು ಕೂಸುಗಳ ಕೋಟು ಕಿತ್ತೆನೋ ಎಂಬ ಯೋಚನೆ ಆಗಾಗ ಕಾಡುತ್ತಿತ್ತು.

ಒಂದು ಚಳಿಗಾಲದಲ್ಲಿ ಅಜ್ಜಿಯ ಬಲತೋಳಿಗೆ ಸರ್ಪಸುತ್ತು ಎದ್ದಿತು. ಒಂದು ತಿಂಗಳು ಉರಿದು, ಗುಳ್ಳೆ ಒಡೆದು ಒಣಗಿತು. ಡಾಕ್ಟರಮ್ಮ ನೋಡಿ ಆಯಿತು ಎಂದಮೇಲೆ ಕೆಲಸಕ್ಕೆ ಮರಳಿದಳು. ಕಲೆ ಮಾಸಿತು. ಆದರೆ ಮೊಣಕೈಯ ಹತ್ತಿರ ಚರ್ಮ ಮರಗಟ್ಟಿ, ಬೇರೆಯವರದ್ದೋ ಎನ್ನುವ ಹಾಗೆ ಉಳಿಯಿತು. ಎಡ ಮೊಣಕೈಯಾದರೂ ಇತ್ತಲ್ಲ ಎನ್ನಬಹುದು; ಅದು ಅವಳ ಆರನೇ ವಯಸ್ಸಿನಲ್ಲೇ ಕುದಿನೀರು ಬಿದ್ದು ಬೆಂದು ತೊಗಲಿನಂತಾಗಿತ್ತು. ಅಜ್ಜಿ ಯಾರಿಗೂ ಹೇಳಲಿಲ್ಲ. ನಾಳೆ ಸರಿಹೋದೀತು, ನಾಡಿದ್ದು ಸರಿಹೋದೀತು. ಮೊಣಕೈ ಅದ್ದುತ್ತಿದ್ದಳು, ಮೂರು ಉಸಿರು ಕಾಯುತ್ತಿದ್ದಳು, "ಹೂಂ" ಎನ್ನುತ್ತಿದ್ದಳು. ನಲ್ಲಿಯನ್ನು ಎಷ್ಟು ತಿರುಗಿಸಬೇಕೆಂದು ಕೈಗೆ ಬಾಯಿಪಾಠವಾಗಿತ್ತು. ಕೂಸುಗಳು ನೀರಿಗಿಳಿದು ಕಣ್ಣರಳಿಸಿ ಸುಮ್ಮನಿರುತ್ತಿದ್ದವು. ಹಾಗಿದ್ದ ಮೇಲೆ ಎಲ್ಲ ಸರಿಯೇ ಇರಬೇಕು ಎಂದುಕೊಂಡಳು.

ಒಂದು ಮಾತ್ರ ವಿಚಿತ್ರವಾಗಿತ್ತು. ನೀರನ್ನು ಕಪ್ಪು ಕಲೆಯ ಕೆಳಗೆ ಬಿಟ್ಟು ಹೋದರೆ, ಕೂಸನ್ನು ಎತ್ತಿಕೊಂಡು ಬರುವಷ್ಟರಲ್ಲಿ ಕಲೆ ಮುಳುಗಿರುತ್ತಿತ್ತು. ಕಣ್ಣೂ ಕೆಟ್ಟಿತೇನೋ ಎಂದು ಅಜ್ಜಿ ನಿಟ್ಟುಸಿರು ಬಿಡುತ್ತಿದ್ದಳು.

ಆ ದಿನ ಮೂರನೆಯದು ಒಂದು ಹೆಣ್ಣುಕೂಸು. ಎಳೆ ಬಾಣಂತಿ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. ಅವಳ ಅತ್ತೆ, ದೊಡ್ಡ ಗಂಟಲಿನ ಹೆಂಗಸು, ಟವೆಲು ಹಿಡಿದು ಬಾಗಿಲಲ್ಲಿ ನಿಂತಳು. ಬೋಗುಣಿಯ ಕಪ್ಪು ಕಲೆ ಈ ಸಲ ನೀರಿನ ಮಟ್ಟಕ್ಕಿಂತ ಮೇಲೆ ಒಣಗಿಕೊಂಡೇ ಇತ್ತು. ಅಜ್ಜಿ ನೋಡಿದಳು. ಕಣ್ಣು ಸರಿಹೋಯಿತು ಅಂದುಕೊಂಡಳು.

ಕೂಸಿನ ಕುತ್ತಿಗೆಯನ್ನು ಅಂಗೈಯಲ್ಲಿ ಆನಿಸಿಕೊಂಡು, ಮೊದಲು ಕಾಲಿನ ಕಡೆಯಿಂದ ಇಳಿಸಿದಳು. ಎಡ ಹಿಮ್ಮಡಿ ನೀರಿಗೆ ಮುಟ್ಟಿತಷ್ಟೇ. ಕೂಸು ಕಾಲನ್ನು ಹೊಟ್ಟೆಗೆ ಸೆಳೆದುಕೊಂಡಿತು, ತೋಳೆರಡನ್ನೂ ಅಗಲಿಸಿ ಚೀರಿತು. ಅಜ್ಜಿ ಕಂಡಿದ್ದ ಹಾಜರಿ ಇದಲ್ಲ. ಆ ಚೀರಾಟ ಹಸಿವಿನದಲ್ಲ, ಚಳಿಯದಲ್ಲ. ಸಾವಿರಾರು ಕೂಸುಗಳ ಅಳು ಕೇಳಿದ ಕಿವಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮರುಕ್ಷಣವೇ ಕೂಸನ್ನು ಮೇಲೆತ್ತಿ, ಹಿಮ್ಮಡಿಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು. ಹಿಮ್ಮಡಿ ಕೆಂಪಾಗಿತ್ತು.

"ಏನಾಯ್ತು? ಏನು ಮಾಡಿದ್ರಿ?" ಬಾಣಂತಿಯ ಅತ್ತೆ ಒಳನುಗ್ಗಿದಳು.

"ನೀರು ಬಿಸಿಯಿತ್ತು. ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದು."

"ಗೊತ್ತಾಗ್ಲಿಲ್ವಾ? ಮೊಣಕೈ ಅಜ್ಜಿ ಅಂತ ಊರೆಲ್ಲ ಕೊಂಡಾಡತ್ತೆ, ನೀರಿನ ಬಿಸಿ ಗೊತ್ತಾಗ್ಲಿಲ್ವಾ?"

ಎಳೆ ಬಾಣಂತಿ ಅಳುತ್ತ ಕೈಚಾಚಿದಳು. ಅಜ್ಜಿ ಕೂಸನ್ನು ಅವಳ ಮಡಿಲಿಗೆ ಕೊಟ್ಟು, ಕೆನ್ನೆಗೆ ಎದೆ ತಾಗಿಸಲು ಹೇಳಿದಳು. ಕೆನ್ನೆಗೆ ತಾಗಿದ ಕಡೆಗೆ ಕೂಸು ಬಾಯಿ ತೆರೆದು ತಿರುಗಿತು, ಹುಡುಕಿತು, ಕಚ್ಚಿಕೊಂಡಿತು. ಡಾಕ್ಟರಮ್ಮ ಬಂದು ನೋಡಿ, ಸುಟ್ಟಿಲ್ಲ, ಕೆಂಪಾಗಿದೆ ಅಷ್ಟೇ ಎಂದರು. ಎರಡು ಸಲ ಹಾಲು ಕುಡಿದೇಳುವಷ್ಟರಲ್ಲಿ ಕೆಂಪು ಇಳಿಯಿತು. ಅಷ್ಟು ಹೊತ್ತೂ ಅಜ್ಜಿ ವಾರ್ಡಿನ ಬೆಂಚಿನ ಮೇಲೆ ಕೂತು ಆ ಹಿಮ್ಮಡಿಯನ್ನೇ ನೋಡುತ್ತಿದ್ದಳು. ಕೂಸು ನಿದ್ದೆಯಲ್ಲಿ ಅವಳ ಕಿರುಬೆರಳನ್ನು ಹಿಡಿದುಕೊಂಡಿತ್ತು. ಅಂಗೈಗೆ ಏನು ಸಿಕ್ಕಿದರೂ ಹಿಡಿಯುವುದು ಈ ವಯಸ್ಸಿನ ಗುಣ, ಅದು ಕ್ಷಮೆಯಲ್ಲ ಎಂದು ಅಜ್ಜಿಗೆ ಗೊತ್ತಿತ್ತು.

ಮಧ್ಯಾಹ್ನ ಬಟ್ಟೆ ಮಡಿಸುವ ಕೋಣೆಗೆ ಅಜ್ಜಿಯ ಸೊಸೆ ಬಂದಳು. ಅದೇ ವಾರ್ಡಿನ ನರ್ಸು, ಮಗನ ಹೆಂಡತಿ. ಬೆಳಗ್ಗೆ ಎರಡನೇ ಕೂಸಿನ ಸ್ನಾನವಾದ ಮೇಲೆ ಅವಳನ್ನು ಹೆರಿಗೆ ಕೋಣೆಗೆ ಅವಸರವಾಗಿ ಕರೆದಿದ್ದರು, ಈಗಷ್ಟೇ ಬಿಡುವಾಗಿತ್ತು. ಅಜ್ಜಿಯ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಬಾ, ತಣ್ಣೀರಮ್ಮ" ಎಂದಳು ಅಜ್ಜಿ. "ಎಷ್ಟು ದಿನದಿಂದ?"

"ಏನು ಅತ್ತೆ?"

"ನನ್ನ ಬೋಗುಣಿಗೆ ತಣ್ಣೀರು ಬೆರೆಸ್ತಿರೋದು. ಕಲೆ ಮುಳುಗ್ತಿತ್ತು. ಇವತ್ತು ಮೂರನೇ ಕೂಸಿಗೆ ನೀನಿರಲಿಲ್ಲ, ಕಲೆ ಮುಳುಗಲಿಲ್ಲ."

ಸೊಸೆ ತಲೆತಗ್ಗಿಸಿದಳು. "ಮೂರು ವಾರ ಆಯ್ತು. ಒಂದಿನ ನೀವು ಕೂಸು ತರೋಕೆ ಹೋದಾಗ ಸುಮ್ನೆ ಕೈ ಇಟ್ಟೆ, ಬಿಸಿ ಇತ್ತು. ಚಳಿಗೆ ಬಾಯ್ಲರು ಜೋರು ಮಾಡಿದಾರಲ್ಲ. ಆಮೇಲೆ ದಿನಾ ನೋಡ್ತಿದ್ದೆ."

"ನಂಗೆ ಹೇಳ್ಬೋದಿತ್ತು."

"ಹೇಳಿದ್ರೆ ನೀವು ಕೇಳ್ತಿದ್ರಾ? ಗಂಟು ಮೋರೆ ಹಾಕ್ಕೊಂಡು ಒಂದು ತಿಂಗಳು ಊಟ ಬಿಡ್ತಿದ್ರಿ."

ಅಜ್ಜಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಅಂದ್ರಾ" ಎನ್ನುತ್ತ ಟವೆಲು ಮಡಿಸಿದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಸೊಸೆ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ಅತ್ತೆ, ನಿಮ್ಮ ಮೊಣಕೈಗೆ ಬಿಸಿ ತಿಳೀತಿಲ್ಲ ಅನ್ನೋದು ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮ ನಲ್ಲಿ ಕೆಟ್ಟಿದೆ ಅಂದ್ಕೊಂಡಿದಾರೆ. ಗಾಜಿನ ಕಡ್ಡಿ ಇಟ್ಕೊಳ್ಳಿ."

"ಕಡ್ಡಿ ಓದೋಕೆ ಕನ್ನಡಕ ಬೇಕು, ಹಬೆಗೆ ಕನ್ನಡಕ ಮಂಜಾಗತ್ತೆ. ಮುಂದೆ ಬರೋಳಿಗೆ ಕೊಡು, ಅದು ಒಳ್ಳೇದೇ. ಟವೆಲು ಒಣಹಾಕಿದ್ದು ನನ್ನ ಕೊಬ್ಬು."

"ಹಾಗಿದ್ರೆ ನಾನಿರ್ತೀನಿ. ದಿನಾ ನಿಮ್ಮ ಜೊತೇನೇ ನಿಲ್ತೀನಿ. ನೀವು ಯಾವಾಗ್ಲೂ ಥರ ಮೊಣಕೈ ಅದ್ದಿ. ನಾನು ಬೆರಳಿಟ್ಟು ನೋಡ್ತೀನಿ. ಬಿಸಿ ಇದ್ರೆ ಒಂದು ಸಲ ಕೆಮ್ತೀನಿ, ತಣ್ಣಗಿದ್ರೆ ಎರಡು ಸಲ. ಯಾವ ಬಾಣಂತಿಗೂ ಗೊತ್ತಾಗಲ್ಲ. ನಿಮ್ಮ ಹೆಸರು ನಿಮಗೇ ಉಳಿಯತ್ತೆ."

ಅಜ್ಜಿ ಅವಳ ಕೈಯನ್ನು ತೆಗೆದುಕೊಂಡು ಅಂಗೈ ತಿರುಗಿಸಿ ನೋಡಿದಳು. ಬೆರಳ ತುದಿಗಳು ಇನ್ನೂ ಮೆತ್ತಗಿದ್ದವು. ಆ ಕೈಯನ್ನು ಅವಳ ಮಡಿಲಿಗೇ ಇಟ್ಟಳು. ತೊಳೆದು ತಂದು ಪಕ್ಕದಲ್ಲಿಟ್ಟುಕೊಂಡಿದ್ದ ಬೋಗುಣಿಯನ್ನು ಸೊಸೆಯ ಕಡೆಗೆ ಸರಿಸಿ, ಮಂಡಿಯ ಮೇಲೆ ಕೈಯೂರಿ ಎದ್ದಳು. ಸೊಸೆ ಎಬ್ಬಿಸಲು ಚಾಚಿದ ತೋಳನ್ನೂ ಹಿಡಿಯಲಿಲ್ಲ.

"ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ಯೇನೇ?" ಎಂದಳು. "ಬೇಡ ಕಣಮ್ಮ. ನಮ್ಮವ್ವ ಬೆರಳು ಸುಳ್ಳು ಹೇಳತ್ತೆ ಅಂದಿದ್ಲು. ನನ್ನ ಮೊಣಕೈ ಮೂರು ವಾರದಿಂದ ಸುಳ್ಳು ಹೇಳ್ತಿತ್ತು, ನಿಜ ಹೇಳೋಕೆ ಎರಡು ದಿನದ ಕೂಸಿನ ಹಿಮ್ಮಡಿ ಬೇಕಾಯ್ತು. ನಿನ್ನ ಕೆಮ್ಮು ಕೇಳ್ಕೊಂಡು ನಾನು ಹೂಂ ಅಂದ್ರೆ, ಆ ಹೂಂ ಕೂಡ ಸುಳ್ಳೇ. ನೀರು ನೋಡೋ ಕೈ ನಿಂದಾದ ಮೇಲೆ ಎರೆಯೋ ಕೈಯೂ ನಿಂದೇ ಆಗ್ಲಿ. ಡಾಕ್ಟರಮ್ಮಂಗೆ ನಾನೇ ಹೇಳ್ತೀನಿ, ನಲ್ಲಿ ಕೆಟ್ಟಿಲ್ಲ ಅಂತ. ನೀನು ಜೊತೆಗೆ ಬರಬೇಡ."