ರವಿಕೆ ಅಂಗಡಿಯ ಗಾಳದ ಕೋಲು

ದೇವೀರಕ್ಕನ ಅಂಗಡಿಗೆ ಮೊದಲ ಸಲ ರವಿಕೆ ಹೊಲಿಸಲು ಹೋದಾಗ, ನನಗಿಂತ ಮುಂದೆ ಅಳತೆಗೆ ನಿಂತಿದ್ದವನು ಒಬ್ಬ ದಪ್ಪ ಮೀಸೆಯ ಗಂಡಸು. ಶರ್ಟಿನ ತೋಳು ಮಡಚಿ, ಬಲಗೈ ಮುಂದೆ ಚಾಚಿ, ಫೋಟೋಗೆ ನಿಂತವನ ಹಾಗೆ ಬಿಗಿಯಾಗಿ ನಿಂತಿದ್ದ. ದೇವೀರಕ್ಕ ಟೇಪು ಹಿಡಿದು ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದಳು, ಅಂಗೈಯ ಸುತ್ತ ಅಳೆದಳು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ಈಗ ಬೀಸು" ಎಂದಳು. ಅವನು ಬರಿಗೈಯನ್ನು ತಲೆಯ ಮೇಲಿಂದ ರಸ್ತೆಯ ಕಡೆಗೆ ಬೀಸಿದ.

"ಥೂ, ನೊಣ ಓಡುಸ್ತಿದ್ದೀಯೇನ್ಲಾ? ಕೆರೆ ನಡುವ್ಕೆ ಬೀಸ್ಲಾ!"

ಅವನು ಇನ್ನೊಮ್ಮೆ ಬೀಸಿದ. ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಒಬ್ಬರು ತಲೆ ತಗ್ಗಿಸಿದರು. ದೇವೀರಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ನನ್ನ ಕಡೆ ತಿರುಗಿದಳು. "ಬಾರಮ್ಮ ಒಳೀಕೆ, ಇವ್ನ್ದು ಮುಗೀತು. ನಿಂದು ರವ್ಕೆಯೋ, ಕೋಲೋ?"

ನಾನು ಆಗಷ್ಟೇ ಕೆರಗೋಡಿನಿಂದ ವರ್ಗವಾಗಿ ಮಳವಳ್ಳಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಿದ್ದೆ. ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಖಾಲಿ ಇದೆಯೆಂದು ರವಿಕೆಯ ಅಳತೆ ಕೊಡುತ್ತಲೇ ತಿಳಿಯಿತು. ಅಂದೇ ಸಂಜೆ ನನ್ನ ಟ್ರಂಕು ಮೇಲೇರಿತು. ಮುಂದೆ ಅವಳು ಮಳವಳ್ಳಿಯಲ್ಲಿ ಇದ್ದಷ್ಟು ಕಾಲವೂ ನಾನು ದೇವೀರಕ್ಕನ ನಗುವಿನ ಮೇಲ್ಮಹಡಿಯಲ್ಲೇ ಬದುಕಿದೆ. ನಗು ಎಂದರೆ ಸಣ್ಣ ನಗುವಲ್ಲ. ಕೆಳಗೆ ಅವಳು ನಕ್ಕರೆ ಮೇಲೆ ನನ್ನ ತಟ್ಟೆಸ್ಟ್ಯಾಂಡಿನ ಲೋಟಗಳಿಗೆ ಗೊತ್ತಾಗುತ್ತಿತ್ತು.

ಕುಳ್ಳಗೆ, ಗುಂಡಗೆ ಇದ್ದಳು. ಕನ್ನಡಕದ ಕಡ್ಡಿ ಮುರಿದ ಜಾಗಕ್ಕೆ ಮೀನು ಹಿಡಿಯುವ ನೈಲಾನಿನ ಟಂಗೂಸು ದಾರ ಕಟ್ಟಿಕೊಂಡಿದ್ದಳು. ಅಂಗಡಿಯ ಒಂದು ಗೋಡೆಗೆ ಹೊಲಿದ ರವಿಕೆಗಳು, ಎದುರು ಗೋಡೆಗೆ ಕಟ್ಟಿದ ಗಾಳದ ಕೋಲುಗಳು. ರವಿಕೆಗೆ ಬಂದ ಹೆಂಗಸರು ಕೋಲು ಮುಟ್ಟಿ ನೋಡುತ್ತಿದ್ದರು. ಕೋಲಿಗೆ ಬಂದ ಗಂಡಸರು ರವಿಕೆಗಳ ಕಡೆ ನೋಡದಿರಲು ಬಹಳ ಕಷ್ಟಪಟ್ಟು ಫ್ಯಾನು ನೋಡುತ್ತಿದ್ದರು.

ಈ ಹುಚ್ಚು ಹತ್ತಿದ್ದು ಗಂಡನಿಂದ. ಶಿವಣ್ಣ ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ಶಿಫ್ಟು ಇಲ್ಲದ ಹೊತ್ತೆಲ್ಲ ಯಾವುದಾದರೊಂದು ನೀರಿನ ದಂಡೆಯಲ್ಲಿ ಕೂತಿರುತ್ತಿದ್ದ. ಮೀನುಗಳು ಮಾತ್ರ ಅವನನ್ನು ಕಂಡರೆ ಆ ಕಡೆಯ ದಡಕ್ಕೆ ಹೋಗುತ್ತಿದ್ದವು. ಒಂದು ದಿನ ಅಂಗಡಿಯಿಂದ ತಂದ ರೆಡಿಮೇಡ್ ಕೋಲಿನ ರಿಂಗು, ಅಂದರೆ ದಾರ ಹಾದುಹೋಗುವ ಉಂಗುರ, ಕಿತ್ತುಬಂತು. ಮುಖ ಊದಿಸಿಕೊಂಡು ಕೂತ ಗಂಡನನ್ನು ನೋಡಲಾರದೆ ದೇವೀರಕ್ಕ ಮಿಷನ್ನಿನ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿ ರಿಂಗನ್ನು ಕೂರಿಸಿ, ಮೇಲೆ ತನ್ನ ಉಗುರುಬಣ್ಣ ಬಳಿದು ಕೊಟ್ಟಳು. ಆ ಸಲವೂ ಶಿವಣ್ಣನಿಗೆ ಮೀನು ಸಿಗಲಿಲ್ಲ. ಆದರೆ ಉಳಿದ ರಿಂಗುಗಳೂ ಒಂದೊಂದಾಗಿ ಕಿತ್ತುಬಂದವು, ಅವಳು ಕಟ್ಟಿದ ಕೆಂಪು ರಿಂಗು ಮಾತ್ರ ಅಲ್ಲಾಡಲಿಲ್ಲ. ಕ್ವಾರ್ಟರ್ಸಿನ ಗೆಳೆಯರು ತಮ್ಮ ತಮ್ಮ ಕೋಲು ಹಿಡಿದು ಮಳವಳ್ಳಿ ಬಸ್ಸು ಹತ್ತತೊಡಗಿದರು.

ಉಳಿದದ್ದನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತಳು. ಯಾವ ಯಾವ ದೇಶದವರೋ ಯಾವ ಯಾವ ಭಾಷೆಯಲ್ಲೋ ಕೋಲು ಕಟ್ಟುತ್ತಿದ್ದರು. ಇವಳು ಸದ್ದು ಬಂದ್ ಮಾಡಿ ನೋಡುತ್ತಿದ್ದಳು. "ಬಾಯಿ ಕಟ್ಕೊಂಡ್ ನಂಗೇನಾಗ್ಬೇಕು ಟೀಚ್ರಮ್ಮ, ಕೈ ನೋಡುದ್ರೆ ಸಾಕು" ಎನ್ನುತ್ತಿದ್ದಳು. ಏನೂ ಕಟ್ಟಿರದ ಬರಿಯ ಕಡ್ಡಿಗಳು, ರಿಂಗುಗಳು, ಹಿಡಿಗೆ ಬೇಕಾದ ಬಿರಡೆಯ ಬಿಲ್ಲೆಗಳು ಕೊರಿಯರಿನಲ್ಲಿ ಬರುತ್ತಿದ್ದವು. ಕಡ್ಡಿ ಬಂದೊಡನೆ ಅದರ ಬುಡವನ್ನು ನೆಲಕ್ಕೂರಿ, ಮಧ್ಯ ಒತ್ತಿ ಬಗ್ಗಿಸಿ, ಅಂಗೈಯಲ್ಲಿ ಉರುಳಿಸುತ್ತಿದ್ದಳು. ಒಂದು ಕಡೆ ಅದು ತಾನಾಗಿ ಚಂಗನೆ ಹೊರಳುತ್ತಿತ್ತು. "ಇಲ್ಲಿ ಅದೆ ನೋಡು ಇದ್ರ ಬೆನ್ನು" ಎಂದು ಸುಣ್ಣದ ಗುರುತು ಹಾಕುತ್ತಿದ್ದಳು. ಬೆನ್ನು ಯಾವ ಕಡೆ ಎಂದು ನೋಡದೆ ರಿಂಗು ಕಟ್ಟಿದರೆ ಮೀನು ಎಳೆಯುವಾಗ ಕೋಲು ಕೈಯಲ್ಲೇ ತಿರುಚಿಕೊಳ್ಳುತ್ತದಂತೆ.

ಗಿರಾಕಿಗೆ ಕೇಳುತ್ತಿದ್ದ ಪ್ರಶ್ನೆ ಮೂರು. ಯಾವ್ ನೀರು? ಯಾವ್ ಮೀನು? ಎಂಥಾ ಕೋಪ? ಮೂರನೆಯದಕ್ಕೆ ಎಲ್ಲರೂ "ನಂಗೆ ಕೋಪನೇ ಬರಲ್ಲ ಕಣಕ್ಕ" ಎನ್ನುತ್ತಿದ್ದರು. ದೇವೀರಕ್ಕ ಅವರ ಹೆಂಡತಿಯನ್ನು ಕೇಳುತ್ತಿದ್ದಳು. "ಕೋಪದೋನ್ಗೆ ಬಗ್ಗೋ ಕೋಲು ಕೊಡ್ಬೇಕು ಕಣಮ್ಮ. ಇಬ್ರೂ ಸೆಟ್ಕೊಂಡ್ರೆ ದಾರ ಕಿತ್ತೋಯ್ತದೆ."

ಒಂದು ಹಬ್ಬದ ಗಡಿಬಿಡಿಯಲ್ಲಿ ಅಳತೆಗಳು ಅದಲುಬದಲಾದವು. ಮದ್ದೂರಿನ ಒಬ್ಬ ಪೈಲ್ವಾನನ ಮುಂಗೈ ಅಳತೆಗೆ ನಮ್ಮ ಹೆಡ್‌ಮೇಡಮ್ಮಿನ ರವಿಕೆಯ ತೋಳು ಸಿದ್ಧವಾಯಿತು. ಮೊಣಕೈ ದಾಟಿ ಇಳಿದು, ಒಳಗೆ ಇನ್ನೊಂದು ಕೈ ತೂರಿಸುವಷ್ಟು ಅಗಲ. ಮೇಡಮ್ಮು ಸಿಡಿಮಿಡಿಗೊಂಡು ಬಂದಾಗ ದೇವೀರಕ್ಕ ಕಣ್ಣು ಮಿಟುಕಿಸದೆ, "ಈಗ ಇದೇ ಫ್ಯಾಸನ್ನು ಮೇಡಮ್ಮಾರೇ, ನಿಮ್ಗೇ ಮೊದ್ಲು ಕೊಟ್ಟಿವ್ನಿ" ಎಂದಳು. ಮೇಡಮ್ಮು ಅದನ್ನು ತೊಟ್ಟು ಸಭೆಯೊಂದಕ್ಕೆ ಹೋಗಿಬಂದರು. ಆ ವಾರವೇ ಇಬ್ಬರು ಟೀಚರುಗಳು ಅಂಥದ್ದೇ ತೋಳು ಬೇಕೆಂದು ಬಂದರು. ದೇವೀರಕ್ಕ ಅಳತೆ ತೆಗೆದುಕೊಂಡು ಅವರನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು ನಕ್ಕಳು. ನಾನೂ ಕೂತೆ. ಏಳಲು ಇಬ್ಬರಿಗೂ ಆಗಲಿಲ್ಲ.

ಅವಳು ನಗದೆ ಇದ್ದದ್ದನ್ನು ನಾನು ಕಂಡದ್ದು ಒಂದೇ ಸಂದರ್ಭದಲ್ಲಿ.

ಸಾಕಮ್ಮ ಎಂಬಾಕೆಯ ತವರು ಮಳವಳ್ಳಿ, ಕೊಟ್ಟದ್ದು ನಿಡಘಟ್ಟಕ್ಕೆ. ರವಿಕೆ ಬಟ್ಟೆ ಕೊಡಲು ಬಂದವರು ಗೋಡೆಯ ಕೋಲುಗಳನ್ನು ಕಂಡು ಕಣ್ಣು ಒರೆಸಿಕೊಂಡರು. ಗಂಡ ಜವರಪ್ಪ ಹಾಲಿನ ಲಾರಿ ಓಡಿಸುತ್ತಿದ್ದರಂತೆ. ಲಕ್ವ ಹೊಡೆದು ಬಲಗೈಯ ಬೆರಳುಗಳು ಮಡಚುವುದಿಲ್ಲ. ಬಿಡುವಾದರೆ ಕೆರೆಗೆ ಹೋಗಿ ಗಾಳ ಹಾಕುತ್ತಿದ್ದ ಮನುಷ್ಯ ಈಗ ಗೋಡೆಗೆ ಮುಖ ಮಾಡಿ ಕೂತರೆ ಕೂತೇ ಇರುತ್ತಾರೆ. ಮಾತಿಲ್ಲ, ಯಾರಾದರೂ ಬಂದರೆ ಕಂಬಳಿ ಎಳೆದುಕೊಳ್ಳುತ್ತಾರೆ.

ದೇವೀರಕ್ಕ ಮಿಷನ್ ನಿಲ್ಲಿಸಿದಳು. "ಎಡಗೈ?"

"ಚೆಂದಾಗದೆ."

"ಬಲಗೈ ಮ್ಯಾಕೆತ್ತುತಾರಾ?"

"ಎತ್ತುತಾರೆ. ಏನೂ ಇಡ್ಕಳಕ್ಕಾಗಲ್ಲ ಅಷ್ಟೆ."

"ಬಾನುವಾರ ಬತ್ತೀನಿ ಬುಡು."

ಭಾನುವಾರ ನನ್ನನ್ನೂ ಎಳೆದುಕೊಂಡು ಹೋದಳು. ಮದ್ದೂರಿನಲ್ಲಿ ಬಸ್ಸು ಬದಲಿಸಿ ನಿಡಘಟ್ಟದಲ್ಲಿ ಇಳಿದೆವು. ಜವರಪ್ಪ ಗೋಡೆಯ ಕಡೆಗೇ ತಿರುಗಿ ಕೂತಿದ್ದರು.

"ಯಾರು?"

"ಟೈಲರು. ವಸಿ ಕೈ ಕೊಡಿ ಅಣ್ಣ."

"ನಂಗೆ ರವ್ಕೆ ಬ್ಯಾಡ."

"ನಿಮ್ಗೆ ಒಪ್ಪಾದೂ ಇಲ್ಲ ಬುಡಿ, ಬುಜ ದಪ್ಪ."

ಅಡುಗೆಮನೆಯಿಂದ ಸಾಕಮ್ಮನ ನಗು ತಡೆಯಲಾರದೆ ಸಿಡಿಯಿತು. ಹೆಂಡತಿ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ, ಜವರಪ್ಪ ಗೋಡೆ ಬಿಟ್ಟು ಈ ಕಡೆ ತಿರುಗಿದರು. ದೇವೀರಕ್ಕ ಅಷ್ಟರಲ್ಲಿ ಟೇಪು ಸುತ್ತಿಯಾಗಿತ್ತು.

ಮೊದಲು ಕಟ್ಟಿದ ಕೋಲು ಬಲವಾದದ್ದು. ದಪ್ಪ ಕಡ್ಡಿ, ಮೊಣಕೈ ದಾಟುವಷ್ಟು ಉದ್ದದ ಹಿಡಿ, ಮುಂಗೈಗೆ ಬಿಗಿಯಲು ಎರಡು ಚರ್ಮದ ಪಟ್ಟಿ. ತೆಗೆದುಕೊಂಡು ಹೋಗಿ ಅಂಗಳದಲ್ಲಿ ಜವರಪ್ಪನ ಕೈಗೆ ಕಟ್ಟಿದೆವು. ಅವರು ಎತ್ತಲು ನೋಡಿದರು. ತುದಿ ಬಾಗಿ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಬಡಿಯಿತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡುತ್ತಿದ್ದರು. ಜವರಪ್ಪ ಎಡಗೈಯಿಂದ ಪಟ್ಟಿ ಕಿತ್ತು ಕೋಲನ್ನು ಎಸೆದರು.

"ಎತ್ತಿಗೆ ನೊಗ ಕಟ್ದಂಗೆ ಕಟ್ಟಿದ್ದೀಯಲ್ಲಮ್ಮ! ತಕ್ಕೊಂಡೋಗು!"

ಬಸ್ಸಿನಲ್ಲಿ ದೇವೀರಕ್ಕ ನಗಲಿಲ್ಲ. ಮದ್ದೂರಿನಲ್ಲಿ ನಾನು ವಡೆ ತಂದುಕೊಟ್ಟರೂ ಕೈಯಲ್ಲೇ ಹಿಡಿದುಕೊಂಡಿದ್ದಳು. ಬಸ್ಸು ಹೊರಟ ಮೇಲೆ ಬಾಯಿ ಬಿಟ್ಟಳು.

"ಆ ಯಪ್ಪ ಸರ್ಯಾಗೇ ಯೋಳ್ತು ಕಣಮ್ಮ. ನಾನು ಅವ್ರ ಕೈಗೆ ಕಟ್ಟಿಲ್ಲ, ಅವ್ರ ಕಾಯ್ಲೆಗೆ ಕಟ್ಬುಟ್ಟೆ."

ಆಮೇಲೆ ವಡೆ ತಿಂದಳು. ನನ್ನ ಪಾಲಿನದನ್ನೂ ತಿಂದಳು.

ಮರುದಿನದಿಂದ ಅವಳು ತನ್ನ ಬಲಗೈಯ ಬೆರಳುಗಳನ್ನು ರವಿಕೆಯ ಲೈನಿಂಗ್ ಬಟ್ಟೆಯಿಂದ ಸುತ್ತಿ ಕಟ್ಟಿಕೊಂಡು, ತಾರಸಿಯಲ್ಲಿ ನಿಂತು ಗಾಳ ಬೀಸತೊಡಗಿದಳು. ಗಾಳವಿಲ್ಲದೆ ಬರಿಯ ಸೀಸದ ಗುಂಡು ಕಟ್ಟಿಕೋ ಎಂದರೆ, "ಕೊಕ್ಕೆ ಇಲ್ದೆ ಬೀಸುದ್ರೆ ಕೈಗೆ ಬಯ ಇರಲ್ಲ" ಎನ್ನುತ್ತಿದ್ದಳು. ಭಯ ನಮಗೆಲ್ಲ ಇತ್ತು. ನಾನು ಛತ್ರಿ ಹಿಡಿದುಕೊಂಡೇ ಬಟ್ಟೆ ಒಣಗಿಸಲು ಹೋಗುತ್ತಿದ್ದೆ. ಮೊದಲ ದಿನ ಹಿಂದಿನ ಮನೆಯ ಟೀವಿ ಡಿಶ್ ಸಿಕ್ಕಿತು. ಎರಡನೆಯ ದಿನ ಮೂರನೇ ಮನೆಯ ಅಂಗನವಾಡಿ ಟೀಚರ್ ಒಣಹಾಕಿದ್ದ ಹಳದಿ ಲಂಗ ಗಾಳಿಯಲ್ಲಿ ತೇಲುತ್ತ ನಮ್ಮ ತಾರಸಿಗೆ ಬಂದಿಳಿಯಿತು. ಶಿವಣ್ಣ ಅದನ್ನು ಕೊಕ್ಕೆಯಿಂದ ಬಿಡಿಸುತ್ತ, "ನಾನು ಇಷ್ಟು ವರ್ಸದಾಗೆ ಇಷ್ಟು ದೊಡ್ದು ಇಡ್ದಿಲ್ಲ" ಎಂದ. ಲಂಗ ಹಿಂದಿರುಗಿಸಲು ಯಾರು ಹೋಗಬೇಕೆಂಬ ವಾದದಲ್ಲಿ ಅಂದಿನ ಅಡುಗೆ ಸೀದುಹೋಯಿತು.

ಹಾಗೆ ಹುಟ್ಟಿದ್ದು ಎರಡನೆಯ ಕೋಲು. ಸಿಕ್ಕಿದ್ದರಲ್ಲೆಲ್ಲ ಹಗುರವಾದ ಕಡ್ಡಿ ಆರಿಸಿದಳು. ತುದಿ ಭಾರವಾಗಬಾರದೆಂದು ತೆಳುವಾದ ಪುಟ್ಟ ರಿಂಗುಗಳನ್ನು ಕಟ್ಟಿದಳು. ದಾರದ ರೀಲನ್ನು ಎಡಗೈಯಲ್ಲಿ ಸುತ್ತುವಂತೆ ಕೂರಿಸಿದಳು. ಚರ್ಮದ ಪಟ್ಟಿ ತೆಗೆದುಹಾಕಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒಂದು ತೋಳು ಹೊಲಿದಳು, ರವಿಕೆಯ ತೋಳೇ. ಕೋಲಿನ ಹಿಡಿ ಅದರೊಳಗೆ ಮುಂಗೈಯ ಅಡಿಗೆ ಮಲಗುತ್ತಿತ್ತು. ಬೆರಳು ಹಿಡಿಯುವ ಅಗತ್ಯವೇ ಇರಲಿಲ್ಲ. ಮುಂಗೈ ಎತ್ತಿದರೆ ಕೋಲು ಏಳುತ್ತಿತ್ತು.

ಕೆರೆಯ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ ಒಪ್ಪಿಸಿ, ಒಂದು ಬೆಳಿಗ್ಗೆ ಜವರಪ್ಪನನ್ನು ಏರಿ ಇಳಿಸಿ ನೀರಂಚಿಗೆ ಕರೆದುಕೊಂಡು ಹೋದೆವು. "ಇದು ಆಗಾದಲ್ಲ ಅಂತ ತೋರ್ಸಕ್ಕೆ ಬಂದಿವ್ನಿ" ಎಂದು ಅವರು ಮೊದಲೇ ಹೇಳಿದರು.

ಮೊದಲ ಬೀಸಿಗೆ ಗಾಳ ಅವರ ಕಾಲಬುಡದಲ್ಲೇ ಬಿತ್ತು. ಎರಡನೆಯದಕ್ಕೆ ಪಕ್ಕದಲ್ಲಿದ್ದ ಶಿವಣ್ಣನ ಟೋಪಿ ಹಾರಿ ಕೆರೆಗೆ ಹೋಯಿತು. ಶಿವಣ್ಣ ಬೋಳುತಲೆ ಮುಟ್ಟಿಕೊಂಡು, "ಇನ್ನೊಂದು ವಸಿ ಕೆಳೀಕಾಗಿದ್ರೆ ನನ್ನೇ ಎಳ್ಕೊತಿದ್ರಿ" ಎಂದ. ಜವರಪ್ಪನ ಹೊಟ್ಟೆ ಕುಲುಕಿತು. ಸದ್ದು ಬರಲಿಲ್ಲ, ಆದರೆ ಅದು ನಗುವೇ. ಸಾಕಮ್ಮ ನನ್ನ ಕೈ ಹಿಡಿದುಕೊಂಡರು, ನೋವಾಗುವಷ್ಟು ಬಿಗಿಯಾಗಿ.

ಮೂರನೆಯ ಬೀಸು ನೇರವಾಗಿ ನೀರಿಗೆ ಹೋಗಿ ಬಿತ್ತು. ಕಾದೆವು. ಬಿಸಿಲು ಏರಿತು. ದೇವೀರಕ್ಕನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ, ಅವಳು ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಇದ್ದಕ್ಕಿದ್ದಂತೆ ಕೋಲಿನ ತುದಿ ನೀರಿಗೆ ಬಾಗಿತು.

"ಬುಡಿ ಬುಡಿ! ದಾರ ಬುಡಿ! ಅದು ಸುಸ್ತಾಗ್ಲಿ!" ದೇವೀರಕ್ಕ ಕೂಗಿದಳು. ಕೋಲು ಕಾಮನಬಿಲ್ಲಿನ ಹಾಗೆ ಬಗ್ಗಿ ಹಿಡಿಯವರೆಗೂ ಬಂತು. ಜವರಪ್ಪನ ಎಡಗೈ ರೀಲು ಸುತ್ತಿತು, ಬಿಟ್ಟಿತು, ಮತ್ತೆ ಸುತ್ತಿತು. ಶಿವಣ್ಣ ಬಲೆ ಹಿಡಿದು ಓಡಿ ಕೆಸರಿನಲ್ಲಿ ಜಾರಿ ಕೂತ. ದೇವೀರಕ್ಕ ಸೀರೆ ಸಮೇತ ನೀರಿಗಿಳಿದಳು. ದೊಡ್ಡ ಕಾಟ್ಲಾ ಮೀನಿನ ಬೆನ್ನು ಹೊಳೆಯಿತು, ಅವಳು ಹಿಡಿಯಲು ಬಗ್ಗಿದಳು.

"ಯಾರೂ ಮುಟ್ಬ್ಯಾಡಿ!" ಜವರಪ್ಪ ಅಬ್ಬರಿಸಿದರು. ಲಾರಿಯ ಹಾರನ್ನಿನಂಥ ಆ ದನಿಗೆ ಕೆರೆಯೇ ಬೆಚ್ಚಿತು. ದೇವೀರಕ್ಕ ತೊಡೆಮಟ್ಟದ ನೀರಿನಲ್ಲಿ, ಪೊಲೀಸರ ಕೈಗೆ ಸಿಕ್ಕವಳಂತೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಳು. ಜವರಪ್ಪ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಏರಿ ಹತ್ತಿದರು. ಮೀನು ಅವರ ಕಡೆಗೇ ಕೆಸರಿನ ಮೇಲೆ ಬಂತು.

ಅವರು ಅಲ್ಲೇ ಕುಸಿದು ಕೂತರು. ಮೀನನ್ನು ನೋಡಿದರು, ಕೈಯನ್ನು ನೋಡಿದರು. ಆಮೇಲೆ, "ಟೈಲ್ರಮ್ಮ, ಇದ್ರ ತೋಳು ವಸಿ ಬಿಗಿ ಅದೆ" ಎಂದರು.

"ಬಿಚ್ಚಿ ಕೊಡ್ತೀನಿ ಬುಡಿ ಅಣ್ಣ. ಇನ್ಮ್ಯಾಕೆ ಮೀನ್ ತಿಂದು ಇನ್ನೂ ದಪ್ಪ ಆಯ್ತೀರಿ."

ಆಗ ನಗು ಹುಟ್ಟಿತು ನೋಡಿ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೂ ನಿಂತು ನಕ್ಕರು, ಯಾಕೆಂದು ಗೊತ್ತಿಲ್ಲದೆ. ಅಲ್ಲಿಂದಾಚೆಗೆ ತೋಳು ಬಿಗಿ, ತೋಳು ಸಡಿಲ ಎಂದು ದೂರು ಹೇಳುವ ನೆಪದಲ್ಲಿ ಜವರಪ್ಪ ಆಗಾಗ ಮಳವಳ್ಳಿಗೆ ಬಂದು ಅಂಗಡಿಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ಹೋದ ವರ್ಷ ಶಿವಣ್ಣನಿಗೆ ಉತ್ತರ ಕನ್ನಡದ ಕಡೆಯ ವಿದ್ಯುತ್ ಕೇಂದ್ರಕ್ಕೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಲಾರಿಗೆ ಸಾಮಾನು ತುಂಬಿದರು. ನಾನು ಅಳಬಾರದೆಂದುಕೊಂಡು ಕೆಳಗಿಳಿದು ಬಂದೆ. ದೇವೀರಕ್ಕ ಖಾಲಿ ಅಂಗಡಿಯೊಳಗಿಂದ ಏನನ್ನೋ ಅಡ್ಡಡ್ಡ ಹಿಡಿದುಕೊಂಡು ಬಂದಳು.

"ಎಲ್ಡೂ ಕೈ ನೀಡು ಟೀಚ್ರಮ್ಮ."

ನನ್ನ ಕೈಗಳ ಮೇಲೆ ಹೊಸ ಕೋಲೊಂದನ್ನು ಇಟ್ಟಳು. ಹಸಿರು ದಾರ, ನಡುವೆ ಚಿನ್ನದ ಬಣ್ಣದ ಎಳೆ, ಮೇಲೆ ಒದ್ದೆ ಹೊಳಪು.

"ನಿಂದೇಯ. ಈಗ್ತಾನೆ ವಾರ್ನೀಸು ಬಳ್ದಿವ್ನಿ. ಇಂಗೇ ತಿರುಗಿಸ್ತಾ ಇರು, ನಿಲ್ಲಿಸ್ಬ್ಯಾಡ."

ಬಳಿದ ವಾರ್ನಿಷು ಒಣಗುವವರೆಗೆ ಕೋಲನ್ನು ಮೆಲ್ಲಗೆ ಉರುಳಿಸುತ್ತಲೇ ಇರಬೇಕು, ಇಲ್ಲದಿದ್ದರೆ ಒಂದೇ ಕಡೆ ಇಳಿದು ಗಂಟು ಕಟ್ಟುತ್ತದೆ. ಆ ಕೆಲಸ ಮಾಡುತ್ತಿದ್ದ ಪುಟ್ಟ ಮೋಟಾರು ಆಗಲೇ ಲಾರಿಯ ತಳ ಸೇರಿತ್ತು.

"ಎಷ್ಟೊತ್ತು ಅಕ್ಕ?"

"ಒಣಗೋಗಂಟ."

ಹಾಗಾಗಿ ನಾನು ಅವಳನ್ನು ತಬ್ಬಿಕೊಳ್ಳಲಾಗಲಿಲ್ಲ, ಕೈ ಬೀಸಲಾಗಲಿಲ್ಲ, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಲಾರಿ ಹೊರಟಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವಳು ಕೂಗಿದಳು: "ಅತ್ಕೊಂಡೇ ತಿರುಗ್ಸು ಕಣಮ್ಮ, ಪರ್ವಾಗಿಲ್ಲ!" ಆ ನಗು ತಿರುವಿನಾಚೆಗೂ ಕೇಳಿಸುತ್ತಿತ್ತು.

ಸ್ಕೂಲಿಗೆ ಹೊತ್ತಾಯಿತು. ಕೋಲು ತಿರುಗಿಸುತ್ತಲೇ ನಡೆದೆ. ರಸ್ತೆಯಲ್ಲಿ ಜನ ದಾರಿ ಬಿಟ್ಟರು. ಗೇಟಿನಲ್ಲಿ ಹೆಡ್‌ಮೇಡಮ್ಮು ನೋಡಿ, ತಾವೇ ಗೇಟು ಪೂರ್ತಿ ತೆಗೆದರು. ತಿರುಗಿಸುತ್ತಲೇ ಹಾಜರಿ ಕರೆದೆ, ತಿರುಗಿಸುತ್ತಲೇ ಪಾಠ ಮಾಡಿದೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಕೋಲನ್ನೇ ನೋಡುತ್ತ ಕೂತರು. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿದೆ. ಒಣಗಿತ್ತು. ಎಲ್ಲೂ ಒಂದು ಹನಿ ಇಳಿದಿರಲಿಲ್ಲ.

ಕೋಲನ್ನು ಮೇಜಿನ ಮೇಲಿಟ್ಟೆ. ಕೈ ಖಾಲಿಯಾಯಿತು. ಅವಳು ಹೊರಟುಹೋದದ್ದು ನನಗೆ ಗೊತ್ತಾದದ್ದು ಆಗ.