ನೀವು ನೋಡಿದ್ದಕ್ಕಲ್ಲ ಸಾರ್!

"ನೀವು ಬರ್ದಿದ್ದು ತಪ್ಪೈತ್ರಿ ಸಾರ್. ನಿಮ್ಮಿಂದ ನನ್ನ ಕ್ಲಾಸ್ ಕೆಟ್ಟೈತೆ."

ಕಳೆದ ಸೋಮವಾರ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದ ಫೋನ್ ಶುರುವಾದದ್ದೇ ಹೀಗೆ. ಮಾತಾಡಿದವರು ಫರೀದಾ ಮೇಡಂ. ಹರಿಹರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತಾರೆ.

ನಾನು ಬರೆದದ್ದೇನು? ನಿಮಗೂ ನೆನಪಿರಬಹುದು. ನಾವು ನೋಡಿದರೆ ಸಾಕು, ಕಣ ತನ್ನ ನಡತೆ ಬದಲಿಸುತ್ತದೆ ಎನ್ನುತ್ತದೆ ಕ್ವಾಂಟಮ್ ವಿಜ್ಞಾನ. ಹಾಗಾದರೆ ನಮ್ಮ ಮನಸ್ಸಿನ ಶಕ್ತಿ ಎಷ್ಟಿರಬೇಡ! ಪೇಪರಿನ ಇದೇ ಅಂಕಣದಲ್ಲಿ ಹೀಗೆ ಬರೆದಿದ್ದೆ. (ಎಲ್ಲಿ ಓದಿದ್ದೆ? ಯಾರೋ ಫಾರ್ವರ್ಡ್ ಮಾಡಿದ ಮೆಸೇಜಿನಲ್ಲಿ. ಇನ್ನೆಲ್ಲಿ?)

ಅವರ ವಿದ್ಯಾರ್ಥಿನಿ ಕಾವ್ಯ ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಳಂತೆ. ಮೇಡಂ ಪಾಠದಲ್ಲಿ ಬೇರೆ ಹೇಳಿದರೆ, "ಪೇಪರ್‌ನಾಗೇ ಬಂದೈತಲ್ಲ ಮೇಡಂ" ಎಂದು ವಾದಕ್ಕೆ ನಿಂತಳಂತೆ. ಅರ್ಧ ಕ್ಲಾಸ್ ಅವಳ ಕಡೆ.

"ನೀವೇ ಬಂದು ನೋಡ್ರಿ. ಆಮ್ಯಾಲೆ ಹುಡುಗ್ರಿಗೆ ನೀವೇ ಹೇಳ್ರಿ."

ಸಿಟ್ಟು ಬಂತು, ಸುಳ್ಳೇಕೆ? ಇಷ್ಟು ವರ್ಷ ಬರೆದವನನ್ನು ಕ್ಲಾಸಿಗೆ ಕರೆಯುವುದೇ? ಆದರೂ ಬುಧವಾರ ಹರಿಹರದ ಬಸ್ ಹತ್ತಿದೆ. ವಾದದಲ್ಲಿ ಗೆಲ್ಲುವ ಆಸೆ, ಇನ್ನೇನು!

ಕಿಟಕಿ ಮುಚ್ಚಿದ ಲ್ಯಾಬ್. ಮೇಡಂ ತಮ್ಮದೇ ಒಂದು ಕೂದಲನ್ನು ರಟ್ಟಿನ ಚೌಕಟ್ಟಿಗೆ ಬಿಗಿದು ಅದರ ಮೇಲೆ ಲೇಸರ್ ಬಿಟ್ಟರು. ಗೋಡೆಯ ಮೇಲೆ ಕೂದಲಿನ ನೆರಳು ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದದ್ದು ಕೆಂಪು ಗೆರೆಗಳ ಸಾಲು! ಕೂದಲಿನ ಎರಡೂ ಪಕ್ಕದಿಂದ ಹೋದ ಬೆಳಕು ಬೆರೆತು ಮೂಡಿದ ಗೆರೆಗಳು.

ಆಮೇಲೆ ಎಡದ ಬೆಳಕಿಗೊಂದು, ಬಲದ ಬೆಳಕಿಗೊಂದು ತೆಳ್ಳನೆಯ ಫಿಲ್ಮ್ ಚೂರು ಅಡ್ಡ ಇಟ್ಟರು. ಒಂದು ಚೂರು ಅಡ್ಡಕ್ಕೆ ಕಂಪಿಸುವ ಬೆಳಕನ್ನು, ಇನ್ನೊಂದು ಉದ್ದಕ್ಕೆ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ; ಯಾವುದು ಯಾವ ಪಕ್ಕದಿಂದ ಬಂತು ಎನ್ನುವುದಕ್ಕೆ ಅದೇ ಗುರುತು. ಗೆರೆಗಳು ಮಾಯ.

"ಈಗ ಎಲ್ರೂ ಹಿಂದಕ್ಕೆ ತಿರುಗ್ರಿ. ಸಾರ್, ನೀವೂನೂ."

ತಿರುಗಿದೆವು. ಟೈಮರ್ ಇಟ್ಟ ಮೊಬೈಲ್ ತಾನೇ ಫೋಟೊ ತೆಗೆಯಿತು. ಫೋಟೊದಲ್ಲೂ ಗೆರೆಗಳಿಲ್ಲ.

"ನೀವು ನೋಡಿದ್ದಕ್ಕಲ್ಲ ಸಾರ್. ಯಾವ ಕಡೆಯಿಂದ ಹೋತು ಅನ್ನೋ ಗುರುತು ಉಳೀತಲ್ಲ, ಅದಕ್ಕೆ. ಕಣ್ಣೂ ಬ್ಯಾಡ, ಮನಸ್ಸೂ ಬ್ಯಾಡ, ಈ ಚೂರು ಸಾಕು."

ಬೆಳಕನ್ನು ಒಂದೊಂದೇ ಕಣವಾಗಿ ಬಿಟ್ಟು ನೋಡಿದ ಪ್ರಯೋಗಗಳಲ್ಲೂ ಹೀಗೇ ಆಗುತ್ತದಂತೆ: ಗುರುತಿಲ್ಲದಿದ್ದರೆ ಒಂದೊಂದೇ ಕಣ ಬಿದ್ದು ಬಿದ್ದು ಗೆರೆಗಳಾಗುತ್ತವೆ, ಗುರುತಿದ್ದರೆ ಇಲ್ಲ. ನಿಜವಾದ ಬೆರಗು ಇರುವುದು ಅಲ್ಲೇ ಎಂದರು.

ಮಕ್ಕಳ ಮುಂದೆ ನಿಂತೆ. "ನಾನು ಬರೆದದ್ದು ತಪ್ಪು" ಎಂದೆ. ಯಾರೂ ನಗಲಿಲ್ಲ. ಕಾವ್ಯ ನೋಟ್‌ಬುಕ್ ತೆಗೆದು ನನ್ನ ಅಂಕಣದ ಮೇಲೆ ಉದ್ದಕ್ಕೆ ಗೀಟು ಎಳೆದಳು. (ನನ್ನೆದುರೇ!) ನೋವಾಗಬೇಕಿತ್ತು. ಆದರೆ ಎದೆ ಹಗುರಾಯಿತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕೈ ಎತ್ತಿದಳು.

"ಮೇಡಂ, ಗುರುತು ಇಲ್ದಾಗ ಒಂದೇ ಕಣ ಎರಡೂ ಕಡೆಯಿಂದ ಹೆಂಗೆ ಹೋಗುತ್ತೆ?"

ಮೇಡಂ ಸ್ವಲ್ಪವೂ ತಡವರಿಸಲಿಲ್ಲ. "ಗೆರೆ ಎಲ್ಲೆಲ್ಲಿ ಬೀಳ್ತಾವು ಅಂತ ಲೆಕ್ಕ ಮಾಡಿ ತೋರಿಸ್ತೀನಿ ಕಣವ್ವ. ಆದ್ರೆ ಅಲ್ಲಿ ನಿಜವಾಗ್ಲೂ ಏನಾಗುತ್ತೆ ಅನ್ನೋದು ನನಗೆ ಗೊತ್ತಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇನ್ನೂ ಜಗಳ ಆಡ್ತಾ ಅದಾರೆ."

ಕಾವ್ಯ ಅದನ್ನೂ ಬರೆದುಕೊಂಡಳು.

"ಗೊತ್ತಿಲ್ಲ" ಎಂದು ಇಷ್ಟು ನೆಟ್ಟಗೆ ಹೇಳಬೇಕಾದರೆ ಎಷ್ಟೆಲ್ಲ ಗೊತ್ತಿರಬೇಕು?