ಬಿಳಿ ಹೊದಿಕೆಗೆ ಕೆಂಪು ದಡಿ

“ಬಿಳೀದು ನನಗ ಹೊಚ್ಚಬ್ಯಾಡ ತಮ್ಮಾ. ಆಚಿ ಗುಡಸಲದಾಗ ನನ್ನ ಗಂಡ ಇನ್ನೂ ಉಸುರಾಡಾಕತ್ತಾನ” ಎಂದು ಗಂಗವ್ವ ನನ್ನ ಕೈ ತಳ್ಳಿದಳು. ಜ್ವರದಲ್ಲಿ ಆಕೆಯ ಹಲ್ಲು ಕಟಕಟ ಎನ್ನುತ್ತಿದ್ದವು.

ಇಳಕಲ್ಲಿನ ಹೊರಗೆ, ಪ್ಲೇಗು ತಗುಲಿದವರಿಗಾಗಿ ಪರದೇಶದ ಧರ್ಮಸಂಸ್ಥೆಯೊಂದು ಹಾಕಿದ್ದ ಗುಡಿಸಲುಗಳವು. ಊರು ಖಾಲಿಯಾಗಿ ನನ್ನ ಮಗ್ಗ ನಿಂತಿದ್ದರಿಂದ ನಾನು ಅಲ್ಲಿ ಸುಮ್ಮನೆ ನೀರು ಹೊರಲು ಹೋಗಿದ್ದೆ. ಹಡಗಿನಲ್ಲಿ ಬಂದ ಹೊದಿಕೆಗಳೇನೋ ಬೆಚ್ಚಗಿದ್ದವು. ಆದರೆ ಅಂಚಿಗೆ ಬಣ್ಣದ ದಡಿಯಿಲ್ಲದ ಬಿಳಿಯನ್ನು ನಮ್ಮಲ್ಲಿ ಗಂಡ ಸತ್ತವರು ಮಾತ್ರ ಮೈಮೇಲೆ ಹಾಕುತ್ತಾರೆಂದು ಕಳಿಸಿದ ಪುಣ್ಯವಂತರಿಗೆ ಹೇಗೆ ತಿಳಿಯಬೇಕು?

ಮಗ್ಗದ ಮೇಲಿನ ಸೀರೆಗೆ ನೇಯ್ದು ಮುಗಿಯುವ ಮುನ್ನ ಕತ್ತರಿ ಹಾಕಬಾರದೆಂದು ಹಿರಿಯರು ಹೇಳುತ್ತಿದ್ದರು. ಮನೆಗೆ ಹೋಗಿ ಕತ್ತರಿ ಹಾಕಿಯೇಬಿಟ್ಟೆ. ಅದರ ಕೆಂಪು ದಡಿ ತಂದು, ಆಕೆಯ ಎದುರಿಗೇ ಕುಳಿತು ಹೊದಿಕೆಯ ಅಂಚಿಗೆ ಹೊಲಿದೆ. ಪರದೇಶದ ದಾದಿಯಮ್ಮ ನನಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

ಗಂಗವ್ವ ದಡಿಯನ್ನು ಮುಟ್ಟಿ ನೋಡಿದಳು. “ನೇಕಾರಂತ ನೇಕಾರ. ಎಷ್ಟ ಸೊಟ್ಟ ಹೊಲದೀಪಾ. ಇರ್ಲಿ, ಈಗ ಹೊಚ್ಚು.”

ಆಕೆಯ ಗಂಡ ಉಳಿದ. ಆಕೆ ಉಳಿಯಲಿಲ್ಲ, ಮುತ್ತೈದೆಯಾಗಿ, ಬೆಚ್ಚಗೆ ಹೋದಳು. ಮುಂದೆ ಬಂದ ಹೊದಿಕೆಗಳಿಗೆಲ್ಲ ನಾನು ದಡಿ ಹಚ್ಚಿದೆ. ರೋಗ ಊರು ಬಿಟ್ಟಿತು, ನಾನು ರೋಗಿಗಳ ಸೇವೆ ಬಿಡಲಿಲ್ಲ.